ಪಿಸ್ತೂಲಿಗಿಟ್ಟ ಕುಂಕುಮ

ಕಳೆದ ವಾರ ಓದಿ ಮುಗಿಸಿದ ಕಾದಂಬರಿಯಲ್ಲಿ ಗಂಡನನ್ನು ಕೊಂದವಳು ಹೆಂಡತಿಯೇ ಎಂದು ನನಗೆ ನಲವತ್ತನೇ ಪುಟದಲ್ಲೇ ಗೊತ್ತಾಗಿಹೋಯಿತು. ಬರೆದವರು ಆಮೇಲೂ ಇನ್ನೂರು ಚಿಲ್ಲರೆ ಪುಟ ನನ್ನನ್ನು ಊರೆಲ್ಲ ಸುತ್ತಿಸಿದರು. ಸತ್ತವನ ತಮ್ಮನ ಮೇಲೆ ಅನುಮಾನ, ಮಹಡಿ ಮೇಲಿನ ಬಾಡಿಗೆಯವನ ಮೇಲೆ ಅನುಮಾನ, ಕಡೆಗೆ ಪೇಪರ್ ಹಾಕುವ ಬಡಪಾಯಿಯ ಮೇಲೂ ಅನುಮಾನ. ಆದರೆ ಆ ಹೆಂಗಸು ದೋಸೆ ಹೊಯ್ಯುತ್ತಿದ್ದಾಗ ಕೋಣೆಯಲ್ಲಿ ಸದ್ದಾಯಿತಂತೆ, ಓಡಿಹೋದಳಂತೆ, ಹೆಣ ಕಂಡು ಕಿರುಚಿ ಅಲ್ಲೇ ಕುಸಿದಳಂತೆ, ಅಕ್ಕಪಕ್ಕದವರು ಬಂದು ಅವಳನ್ನು ಅಡುಗೆಮನೆಗೆ ಕರೆತಂದು ನೀರು ಕುಡಿಸಿದರಂತೆ. ಹಾಗಾದರೆ ಕಾವಲಿ ಮೇಲಿನ ದೋಸೆ ಏನಾಯಿತು? ಸೀದ ವಾಸನೆಯ ಸುದ್ದಿಯೇ ಇಲ್ಲ. ಅಂದರೆ ಅವಳು ಗ್ಯಾಸ್ ಆರಿಸಿಯೇ ಹೋಗಿದ್ದಳು. ಸದ್ದು ಕೇಳಿ ಗಾಬರಿಯಾಗಿ ಓಡುವವಳು ಯಾರಾದರೂ ಗ್ಯಾಸ್ ಆರಿಸುತ್ತಾಳೆಯೇ? ಪೊಲೀಸರಿಗೆ ಇದು ಹೊಳೆಯಲಿಲ್ಲ. ಬರೆದವರಿಗೂ ಹೊಳೆದಂತೆ ಕಾಣೆ. ಕಡೆಯ ಅಧ್ಯಾಯದಲ್ಲಿ ಅವಳು ಸಿಕ್ಕಿಬಿದ್ದದ್ದು ಮೊಬೈಲ್ ಟವರಿನಿಂದ. ಈಗಿನ ಪತ್ತೇದಾರಿ ಪುಸ್ತಕಗಳ ಮೇಲೆ ನನ್ನ ಮೊದಲ ತಕರಾರು ಇದೇ. ಕ್ಯಾಮರಾ ಹೇಳುತ್ತದೆ, ಫೋನು ಹೇಳುತ್ತದೆ. ಮನೆಯೊಳಗೆ ಬಂದು ಒಲೆಯನ್ನು ಕೇಳುವವರು ಯಾರೂ ಇಲ್ಲ.

ಕಾರವಾರದ ಪಕ್ಕ ಶಿರವಾಡದ ನಮ್ಮ ಮನೆಯಲ್ಲಿ ಊಟದ ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಸಂಜೆಯ ಚಹಾದವರೆಗಿನ ಹೊತ್ತು ನನ್ನದು. ನಮ್ಮವರು ಮಲಗುತ್ತಾರೆ, ನಾನು ಕೊಲೆ ಓದುತ್ತೇನೆ. ಪೊರೆ ತೆಗೆಸಿದ ಮೇಲೆ ಕಣ್ಣಿಗೆ ಸಣ್ಣ ಅಕ್ಷರವೂ ಕಾಣುತ್ತದೆ. ಬೆಳಿಗ್ಗೆ ದೀಪ ಹಚ್ಚುವಾಗ ದೇವರ ಉಪಕಾರಗಳನ್ನು ನೆನೆಯುತ್ತೇನಲ್ಲ, ಅದರಲ್ಲಿ ಇದು ಮೊದಲನೆಯದು. ಎದುರುಮನೆಯ ಕಾಲೇಜು ಮೇಡಂ ತಾವು ಓದಿದ್ದನ್ನೆಲ್ಲ ನನಗೆ ದಾಟಿಸುತ್ತಾರೆ, ಅದು ಎರಡನೆಯದು. ಹಿಮ ಬೀಳುವ ದೇಶದ ಕಥೆಯೊಂದು ಕನ್ನಡಕ್ಕೆ ಬಂದಿದೆ. ಅದರಲ್ಲಿ ಪತ್ತೇದಾರ ಬೆಳಿಗ್ಗೆಯಿಂದಲೇ ಕುಡಿಯುತ್ತಾನೆ, ಹೆಂಡತಿ ಬಿಟ್ಟುಹೋಗಿದ್ದಾಳೆ, ಮಗಳು ಮಾತು ಬಿಟ್ಟಿದ್ದಾಳೆ. ಓದಿ ಮುಚ್ಚಿದಾಗ ನನಗೆ ಸತ್ತವನಿಗಿಂತ ಇವನದೇ ಚಿಂತೆ ಹತ್ತಿತು. ಇನ್ನೊಂದರಲ್ಲಿ ಕಥೆ ಹೇಳುವವಳೇ ಕೊಲೆಗಾರ್ತಿ. ಪುಸ್ತಕದುದ್ದಕ್ಕೂ ನನ್ನ ಪಕ್ಕ ಕೂತು ಬೆಂಡೆಕಾಯಿ ಹೆಚ್ಚಿದ ಹಾಗೆ ಸಲಿಗೆಯಿಂದ ಮಾತಾಡಿ, ಕಡೆಯ ಪುಟದಲ್ಲಿ ‘ನಾನೇ ಕೊಂದದ್ದು’ ಅನ್ನುತ್ತಾಳೆ. ಮೇಡಂ ಅದನ್ನು ಬಹಳ ಹೊಗಳಿದರು. ನನಗೆ ಮಾತ್ರ ನಮ್ಮ ಮನೆಯಲ್ಲಿ ಚಹಾ ಕುಡಿದು ಹೋದವಳು ಚಮಚ ಕದ್ದ ಹಾಗಾಯಿತು. ನಮ್ಮ ಕಡೆಯದೇ ಬಂದರಿನ ಊರೊಂದನ್ನು ಇಟ್ಟುಕೊಂಡು ಬರೆದದ್ದೂ ಒಂದು ಬಂದಿದೆ. ಅದರಲ್ಲಿ ಬಂಗಡೆ ಸಾರಿಗೆ ವಿಷ ಹಾಕುತ್ತಾರೆ, ಮೀನುಸಾರಿಗೆ ಹಾಕುವ ಜುಮ್ಮನಕಾಯಿಯ ಘಾಟಿನಲ್ಲಿ ವಿಷದ ವಾಸನೆ ಮುಚ್ಚಿಹೋಗುತ್ತದಂತೆ. ಬರೆದವರು ಬಂಗಡೆ ತೊಳೆದವರಲ್ಲ. ಸಾಲದ್ದಕ್ಕೆ ಸತ್ತವನು ಉಪ್ಪು, ಹುಳಿ ಯಾವುದರ ಮಾತೂ ಎತ್ತದೆ ಸುಮ್ಮನೆ ಉಂಡು ಸಾಯುತ್ತಾನೆ. ಕಾರವಾರದ ಗಂಡಸು!

ಆದರೂ ಆ ಬಂಗಡೆಯ ಪುಸ್ತಕವನ್ನು ಎರಡು ಸಲ ಓದಿದೆ. ಅದರಲ್ಲಿ ಕೊಲೆಗೆ ಕಾರಣ ಆಸ್ತಿ ಅಲ್ಲ, ಪ್ರೇಮ ಅಲ್ಲ, ಬರೀ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚಿನವಳು ಕೂಗಾಡುವುದಿಲ್ಲ, ಇನ್ನೊಂದು ಸೌಟು ಬಡಿಸುತ್ತಾಳೆ ಎಂಬುದನ್ನು ಅವರು ಸರಿಯಾಗಿ ಬರೆದಿದ್ದಾರೆ. ಅಡುಗೆಯಂತೆಯೇ ಇದೂ ನನಗೆ ಗೊತ್ತಿರುವ ಬಾಬತ್ತು. ಶುಕ್ರವಾರದ ಭಜನೆ ಮುಗಿದು ಪ್ರಸಾದ ಹಂಚುವಾಗ, ನಮ್ಮ ಜೊತೆ ಭಜನೆಗೆ ಬರುವ ಸುಮಿತ್ರಾ ಕೇಳಿದಳು:

“ಗಿರಿಜಕ್ಕಾ, ವತ್ಸಲಕ್ಕ ಓದಿದ್ ಹೊಸ ಪತ್ತೇದಾರಿ ಕೇಳಿದ್ರಿ? ಎಂಥ ಸ್ವರ ಮಾರಾಯ್ರೆ! ನಂಗೆ ಪಾತ್ರೆ ತೊಳೂಕೂ ಹೆದ್ರಿಕೆ ಆಯ್ತು. ನಿಮ್ಮ ಸ್ವಂತ ಅತ್ತೆ ಮಗ್ಳೇ ಅಲ್ದಾ?”

“ಹೌದು,” ಎಂದೆ. “ಚಲೋ ಓದ್ತದೆ.”

ವತ್ಸಲಾ ನನ್ನ ಅಪ್ಪನ ತಂಗಿಯ ಮಗಳು. ಕಾರವಾರ ಪೇಟೆಯಲ್ಲಿ ಇದ್ದಾಳೆ. ಮಕ್ಕಳೆಲ್ಲ ದಡ ಸೇರಿದ ಮೇಲೆ ಹೊಸ ಹೊಸ ಪತ್ತೇದಾರಿ ಕಾದಂಬರಿಗಳನ್ನು, ಬರೆದವರ ಒಪ್ಪಿಗೆ ಕೇಳಿ, ಗಟ್ಟಿಯಾಗಿ ಓದಿ ಮೊಬೈಲಿಗೆ ಹಾಕುತ್ತಾಳೆ. ಅವಳ ಹೆಸರು ಬಂದರೆ ಸಾಕು, ನನ್ನ ಹೊಟ್ಟೆಯಲ್ಲಿ ಸಾಸಿವೆ ಸಿಡಿಯುತ್ತದೆ. ನಾನೂ ಕೇಳುತ್ತೇನೆ, ಒಂದನ್ನೂ ಬಿಡುವುದಿಲ್ಲ, ಆದರೆ ತಪ್ಪು ಹುಡುಕಲು ಕೇಳುತ್ತೇನೆ. ಆರನೇ ಭಾಗದಲ್ಲಿ ಉಗುಳು ನುಂಗಿದ್ದು ಕೇಳಿಸಿತು, ಒಂಬತ್ತರಲ್ಲಿ ಹಿಂದಿನಿಂದ ಕುಕ್ಕರ್ ಕೂಗಿತು. ಅರವತ್ತು ದಾಟಿದ, ಎರಡು ಹೊತ್ತು ದೇವರ ನಾಮ ಹೇಳುವ ಹೆಂಗಸಿಗೆ ಇದು ಶೋಭೆಯಲ್ಲ, ಗೊತ್ತು. ದೇವರಿಗೂ ಹೇಳಿದ್ದೇನೆ. ಇದು ಎಲ್ಲಿ ಶುರುವಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಅಂಕೋಲೆಯಿಂದ ಸ್ವಲ್ಪ ಒಳಗೆ ನಮ್ಮ ಹಳ್ಳಿ, ಗದ್ದೆಯ ಅಂಚಿಗೆ ಹೆಂಚಿನ ಮನೆ. ಮುಂದೆ ಉದ್ದದ ಜಗಲಿ, ಒಳಗೆ ಒಂದೇ ಕಿಟಕಿಯ ನಡುಮನೆ, ಅದರಾಚೆ ಹೊಗೆಯಿಂದ ಕಪ್ಪಾದ ಅಡುಗೆಮನೆ, ಅಂಗಳದ ಮೂಲೆಗೆ ಬಚ್ಚಲು. ಮನೆಯಲ್ಲಿ ಅಜ್ಜಿ, ಆಯಿ, ನಾನು; ನಾವು ಅಮ್ಮನಿಗೆ ಆಯಿ ಅನ್ನುವವರು. ಅಪ್ಪ ಸುಂಕಸಾಳದಲ್ಲಿ ಹೆದ್ದಾರಿ ಪಕ್ಕದ ಚಹಾದಂಗಡಿಯೊಂದರಲ್ಲಿ ಅಡುಗೆ ಮಾಡುತ್ತಿದ್ದ. ಶನಿವಾರ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದ. ಘಟ್ಟ ಹತ್ತುವ ಲಾರಿ ಡ್ರೈವರುಗಳು ಓದಿ ಬೆಂಚಿನ ಮೇಲೆ ಬಿಟ್ಟುಹೋದ ಪತ್ತೇದಾರಿ ಪುಸ್ತಕಗಳನ್ನು ಚೀಲದಲ್ಲಿ ತರುತ್ತಿದ್ದ. ಹೊದಿಕೆಯ ಮೇಲೆ ಪಿಸ್ತೂಲು ಹಿಡಿದ ಗಂಡಸು, ಕಣ್ಣು ಅಗಲಿಸಿದ ಹೆಂಗಸು. ಒಳಗೆ ಚಹಾದ ಕಲೆ, ಕೆಲವು ಕಡೆ ಬೀಡಿಯ ಕಿಡಿ ಬಿದ್ದು ತೂತಾದ ಶಬ್ದಗಳು. ನಮ್ಮ ಮನೆಯಲ್ಲಿ ಪುಸ್ತಕ ಅಂದರೆ ಇವೇ. ಇನ್ನೊಂದಿತ್ತು, ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಪುರಾಣ. ಶ್ರಾವಣದಲ್ಲಿ ಅದನ್ನು ಓದಲು ಬರುತ್ತಿದ್ದ ಮುದುಕರು ತೀರಿಕೊಂಡ ಮೇಲೆ ಅದು ದೇವರ ಮೂಲೆಯಿಂದ ಕೆಳಗಿಳಿದಿರಲಿಲ್ಲ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಓದಿಸುವ ಕ್ರಮ ಗೊತ್ತಿತ್ತು, ಮತ್ತು ಅವಳಿಗೆ ಗೊತ್ತಿದ್ದ ಕ್ರಮ ಅದೊಂದೇ. ಹಾಗಾಗಿ ಡ್ರೈವರುಗಳ ಪುಸ್ತಕಕ್ಕೂ ಪುರಾಣದ ಮರ್ಯಾದೆಯೇ ನಡೆಯುತ್ತಿತ್ತು. ಮಧ್ಯಾಹ್ನ ಗಂಜಿ ಊಟ ಆದ ಮೇಲೆ ಓದುವವರು ಕಾಲು ತೊಳೆದು ಬಂದು ಹಲಸಿನ ಮಣೆಯ ಮೇಲೆ ಕೂರಬೇಕು. ಮುಂದೆ ಮರದ ಪೀಠ, ಅದರ ಮೇಲೆ ಪುಸ್ತಕ. ಅಜ್ಜಿ ಹೊದಿಕೆಗೆ ಕುಂಕುಮ ಇಟ್ಟು ಕೈಮುಗಿಯುತ್ತಿದ್ದಳು. ಅವಳ ಕಣ್ಣು ಮಂಜು, ಕುಂಕುಮ ಕೆಲವೊಮ್ಮೆ ಆ ಹೆಂಗಸಿನ ಹಣೆಗೆ ಬೀಳುತ್ತಿತ್ತು, ಹೆಚ್ಚಿನ ಸಲ ಪಿಸ್ತೂಲಿಗೆ. ಅಪ್ಪ ನಕ್ಕರೆ ಅವಳು ಹೇಳುತ್ತಿದ್ದಳು:

“ನಗೂದೆಂತಕೆ? ಒಳಗೆ ಯಾರ್ ಯಾರ್ನ ಕೊಂದ್ರೂ ಬರ್ದದ್ದು ಅಕ್ಷರ್ದಾಗೇ ಅಲ್ದನಾ? ಅಕ್ಷರ ಅಂದ್ರೆ ಸರಸ್ವತಿ.”

ಪಕ್ಕದ ಮನೆಯ ದೇವಮ್ಮ ಮತ್ತೆ ಇಬ್ಬರು ಮೂವರು ಹೆಂಗಸರು ತೆಂಗಿನ ಮಡಲು ಹೆಣೆಯುತ್ತಲೋ ಮುರುಗಲು ಹಣ್ಣು ಒಡೆಯುತ್ತಲೋ ಜಗಲಿಯಲ್ಲಿ ಕೂರುತ್ತಿದ್ದರು. ಪುಸ್ತಕ ಮುಗಿದ ದಿನ ಓದಿದವರಿಗೆ ಒಂದು ಕಡಿ ತೆಂಗಿನಕಾಯಿ, ಮುಡಿಗೆ ಹೂವು. ಆಮೇಲೆ ಓದಿದವರು ಫಲ ಹೇಳಬೇಕು, ಈ ಕಥೆ ಕೇಳಿದವರಿಗೆ ಏನು ಒಳ್ಳೆಯದಾಗುತ್ತದೆ ಎಂದು. ಫಲ ಹೇಳದೆ ಎದ್ದರೆ ಕೇಳಿದ್ದೆಲ್ಲ ವ್ಯರ್ಥ, ಮೇಲಿಂದ ಮನೆಗೆ ಕೇಡು. ಈಗಿನ ಕಾದಂಬರಿಗಳನ್ನು ಮುಚ್ಚುವಾಗ ನನಗೆ ಇದೇ ನೆನಪಾಗುವುದು. ಕೊಲೆಗಾರ ಸಿಕ್ಕ, ಸರಿ. ನನಗೆ ಬಂದ ಫಲ ಏನು?

ಆ ಮಣೆ ಮೊದಲು ನನ್ನದಾಗಿತ್ತು. ಐದನೇ ಇಯತ್ತೆಯಿಂದ ನಾನೇ ಓದುತ್ತಿದ್ದೆ. ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ನಿಂತು, ಒಂದು ಪುಸ್ತಕಕ್ಕೆ ಹದಿನೈದು ದಿನ. ಫಲ ಮಾತ್ರ ಎಲ್ಲದಕ್ಕೂ ಒಂದೇ: “ಆಯುಷ್ಯ ಆರೋಗ್ಯ ಐಶ್ವರ್ಯ ಬರಲಿ.” ಯಾರೂ ದೂರಿರಲಿಲ್ಲ. ಮನೆಯಲ್ಲಿ ನನಗೆ ಬೇರೆ ಹೆಚ್ಚುಗಾರಿಕೆ ಇರಲಿಲ್ಲ. ಬಣ್ಣ ಕಪ್ಪು, ಲೆಕ್ಕದಲ್ಲಿ ಹಿಂದೆ, ಆಯಿಗೆ ಗಂಡುಮಕ್ಕಳಿಲ್ಲವೆಂದು ಬಂದವರೆಲ್ಲ ನನ್ನ ಮುಂದೆಯೇ ಮರುಗುವುದು. ಆ ಒಂದು ತಾಸು ಮಾತ್ರ ದೊಡ್ಡವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ತಾಸಿಗಾಗಿ ನಾನು ಉಳಿದ ದಿನವನ್ನು ದೂಡುತ್ತಿದ್ದೆ.

ನನಗೆ ಹದಿನಾಲ್ಕು ನಡೆಯುವಾಗ ಕಾರವಾರದಲ್ಲಿ ಅತ್ತೆ ಕಾಯಿಲೆ ಬಿದ್ದಳು. ಅವಳ ಮಗಳು ವತ್ಸಲಾ ತಗಡಿನ ಪೆಟ್ಟಿಗೆ ಹಿಡಿದು ನಮ್ಮಲ್ಲಿ ಇರಲು ಬಂದಳು. ನನಗಿಂತ ಒಂದು ವರ್ಷಕ್ಕೆ ಸಣ್ಣವಳು, ಗಾಳಿಗೆ ಹಾರುವಷ್ಟು ತೆಳ್ಳಗೆ. ಅವಳ ಅಪ್ಪನ ಕಡೆಯವರ ಮನೆಮಾತು ಕೊಂಕಣಿ; ಅವಳ ಕನ್ನಡ ವಾಕ್ಯದ ತುದಿಗೆ ಬಂದು ಉಯ್ಯಾಲೆಯ ಹಾಗೆ ಮೇಲೆ ಹೋಗುತ್ತಿತ್ತು. ಅವರ ಕೇರಿಯಲ್ಲಿ ಮರಾಠಿಯವರ ರೂಢಿಯಂತೆ ಅಕ್ಕನಿಗೆ ‘ತಾಯಿ’ ಅನ್ನುತ್ತಿದ್ದರಂತೆ. ಬಂದ ದಿನವೇ ಬಾವಿಕಟ್ಟೆಯಲ್ಲಿ ಎಲ್ಲರೆದುರು ಕೂಗಿದಳು:

“ತಾಯೀ, ಹಗ್ಗ ನಾ ಎಳೂದಾ?”

“ಅಯ್ಯೋ ಗಿರಿಜಾ, ನಿಂಗೆ ಇಷ್ಟ್ ದೊಡ್ಡ ಮಗ್ಳು ಯಾವಾಗ ಹುಟ್ತೇ?” ಎಂದು ದೇವಮ್ಮ ಕೊಡ ಇಳಿಸಿ ನಕ್ಕಳು.

ಅಕ್ಕ ಅನ್ನು ಎಂದು ನಾನು ಗದರಿದೆ. ಎರಡು ದಿನ ಅಕ್ಕ ಅಂದಳು, ಮೂರನೇ ದಿನ ಮತ್ತೆ ತಾಯಿ. ಅವಳು ಸೊರಗಿದ್ದಾಳೆಂದು ಸಂಜೆ ಒಂದು ಲೋಟ ಹಾಲು ಅವಳಿಗೆ ಮೀಸಲಾಯಿತು. ನಮ್ಮ ದನ ಕೊಡುತ್ತಿದ್ದದ್ದೇ ಅಷ್ಟು, ನನ್ನ ಚಹಾ ಕಪ್ಪಾಯಿತು. ಹಾಲಿನ ಲೋಟ ತಂದುಕೊಡುವ ಕೆಲಸವೂ ನನ್ನದೇ. ಇದನ್ನೆಲ್ಲ ನಾನು ತಡೆದುಕೊಳ್ಳುತ್ತಿದ್ದೆ, ಅಷ್ಟು ಕೆಟ್ಟವಳಾಗಿರಲಿಲ್ಲ. ಆದರೆ ಒಂದು ವಾರ ಕಳೆದ ಮೇಲೆ ಅಜ್ಜಿ ಅಂದಳು:

“ಕಾರವಾರದ ಹುಡ್ಗಿ ಹ್ಯಾಂಗೆ ಓದ್ತದೆ ಕೇಳ್ವಾ. ಒಂದ್ ಪುಟ ಓದ್ಲಿ, ಗಿರಿಜಾ ಮಣೆ ಬಿಡು.”

ಒಂದು ಪುಟ ಓದಿದಳು. ಪೊಲೀಸಿನವನು ಪೊಲೀಸಿನವನ ಹಾಗೆ ಗದರಿದ, ಮುದುಕ ಕೆಮ್ಮಿದ, ಬಾಗಿಲು ಕಿರ್ ಅಂದಿತು. ಕತ್ತಲ ಕೋಣೆಗೆ ಯಾರೋ ಕಾಲಿಡುವಲ್ಲಿ ಅವಳು ಸ್ವರ ಎಷ್ಟು ಇಳಿಸಿದಳೆಂದರೆ ಮಡಲು ಹೆಣೆಯುವ ಕೈಗಳು ತಾವಾಗಿ ನಿಂತವು, ಓಲೆಯ ಸದ್ದಿಗೆ ಒಂದು ಶಬ್ದ ತಪ್ಪೀತೆಂದು. ನಾನು ಓದುವಾಗ ಆ ಕೈಗಳು ಒಂದು ದಿನವೂ ನಿಂತದ್ದಿಲ್ಲ. ಪುಟ ಮುಗಿಯಿತು. ಅಜ್ಜಿ ‘ಸಾಕು’ ಅನ್ನಲಿಲ್ಲ. ವತ್ಸಲಾಳ ಎದುರು, ನೆಲದ ಮೇಲೆ, ಎದ್ದುಹೋಗಲೂ ಆಗದೆ ಕೂರಲೂ ಆಗದೆ ನಾನು ಇಡೀ ಅಧ್ಯಾಯ ಕೇಳಿದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಕಥೆ ನನಗೂ ಬಹಳ ಚಲೋ ಅನ್ನಿಸಿತು.

ಮರುದಿನ ಯಾರೂ ನನ್ನನ್ನು ಕರೆಯಲಿಲ್ಲ. ವತ್ಸಲಾ ಕಾಲು ತೊಳೆದು ಬಂದು ಕೂತಳು, ಅಷ್ಟೇ. ಅವಳು ಹೇಳುವ ಫಲಗಳೂ ಬೇರೆ. ಬಾವಿಯಲ್ಲಿ ಹೆಣ ಸಿಕ್ಕ ಕಥೆ ಮುಗಿದಾಗ “ಇದನ್ನು ಕೇಳಿದವರ ಬಾವಿ ಬೇಸಿಗೆಯಲ್ಲೂ ಬತ್ತದಿರಲಿ” ಅಂದಳು. ರೈಲಿನ ಕೊಲೆಗೆ “ಕೇಳಿದವರು ಹೋದ ಕಡೆಯೆಲ್ಲ ಕೂರಲು ಜಾಗ ಸಿಗಲಿ” ಅಂದಳು. ಹೆಂಗಸರು ನಗುತ್ತ ಕೈಮುಗಿದರು. ದೇವಮ್ಮ ಮನೆಯಿಂದ ಅಬ್ಬಲಿಗೆ ಹೂ ತಂದು ಅವಳಿಗೆ ಮುಡಿಸಿದಳು. ದೇವಮ್ಮನಿಗೆ ನಾನು ಎಷ್ಟು ಪುಸ್ತಕ ಓದಿ ಹೇಳಿದ್ದೆ! ಒಂದು ದಳ ತಂದವಳಲ್ಲ. ಆಗಿನಿಂದ ನನ್ನ ಪ್ರಾರ್ಥನೆ ಒಂದೇ: ದೇವರೇ, ಅತ್ತೆಗೆ ಬೇಗ ಗುಣ ಮಾಡು. ಕೇಳಿದವರು ಎಷ್ಟು ಒಳ್ಳೆಯ ಹುಡುಗಿ ಎಂದುಕೊಂಡರು.

ಆ ಬೇಸಿಗೆಯಲ್ಲಿ ಅಪ್ಪ ತಂದ ಪುಸ್ತಕ ಬೆಳಗಾವಿಯ ದೊಡ್ಡ ಮನೆಯೊಂದರದ್ದು. ಆ ಮನೆಯ ಕಿರಿಯ ಮಗಳನ್ನು ಯಾರೋ ಹಾಲಿಗೆ ವಿಷ ಬೆರೆಸಿ ಕೊಂದಿದ್ದಾರೆ. ಅವಳ ತಂದೆ, ಅವಳ ಆಯಿ, ಅಕ್ಕ, ತಮ್ಮ, ಅಡುಗೆಯವಳು, ಇಷ್ಟೇ ಜನ ಮನೆಯಲ್ಲಿ. ಜಗಲಿ ಅಡುಗೆಯವಳ ಮೇಲೆ ಅನುಮಾನ ಪಟ್ಟಿತು. ಅಪ್ಪ ಅಡುಗೆಯವನಾದ್ದರಿಂದ ಅಜ್ಜಿಗೆ ಅದು ಸೇರಲಿಲ್ಲ, ತಂದೆಯನ್ನು ಹಿಡಿದಳು. ನಾನು ಅರ್ಧ ದಿನ ಕೇಳುತ್ತಿದ್ದೆ, ಅರ್ಧ ದಿನ ಮುನಿಸಿಕೊಂಡು ಬಾವಿಕಟ್ಟೆಗೆ ಹೋಗುತ್ತಿದ್ದೆ, ಯಾರಾದರೂ ಕರೆಯುತ್ತಾರೇನೋ ಎಂದು. ಕರೆಯುತ್ತಿರಲಿಲ್ಲ.

ಕಡೆಯ ಅಧ್ಯಾಯ ಓದುವ ದಿನ ಬೆಳಿಗ್ಗೆ ಹಂಡೆಗೆ ಉರಿ ಹಾಕುವ ನೆವದಲ್ಲಿ ಪುಸ್ತಕವನ್ನು ಲಂಗದ ಮಡಿಕೆಯಲ್ಲಿಟ್ಟು ಬಚ್ಚಲಿಗೆ ಒಯ್ದೆ. ನಮ್ಮ ಮನೆಯಲ್ಲಿ ಬಾಯಿಬಿಡದೆ ಓದುವುದಕ್ಕೆ ‘ಕಳ್ಳ ಓದು’ ಎಂದೇ ಹೆಸರು. ಹತ್ತು ಜನರ ಪಾಲನ್ನು ಒಬ್ಬರೇ ಮುಚ್ಚಿಕೊಂಡು ತಿಂದ ಹಾಗೆ ಎಂದು ಅಜ್ಜಿಯ ಲೆಕ್ಕ. ಹೊಗೆಗೆ ಕಣ್ಣಲ್ಲಿ ನೀರು. ಕಡೆಯಿಂದ ನಾಲ್ಕನೇ ಪುಟ ತೆರೆಯಿತು. ಆ ಮನೆಯ ತಮ್ಮ ಪತ್ತೇದಾರನಿಗೆ ಹೇಳುತ್ತಿದ್ದ: ‘ತಾಯಿಯೇ ಹಾಲಿಗೆ ಅದನ್ನು ಬೆರೆಸಿದಳು, ನಾನು ಕಣ್ಣಾರೆ ಕಂಡೆ.’ ಅಷ್ಟು ಸಾಕಿತ್ತು. ಪುಸ್ತಕವನ್ನು ಪೀಠದ ಮೇಲೆ, ಇದ್ದ ಹಾಗೇ, ಕುಂಕುಮ ಮೇಲೆ ಬರುವಂತೆ ಇಟ್ಟುಬಂದೆ.

ಮಧ್ಯಾಹ್ನ ವತ್ಸಲಾ ಕೂತಳು. ಪತ್ತೇದಾರ ಎಲ್ಲರನ್ನೂ ನಡುಮನೆಯಲ್ಲಿ ಸೇರಿಸಿದ. ‘ಕೊಲೆಗಾರರು ಈ ಕೋಣೆಯಲ್ಲೇ ಇದ್ದಾರೆ’ ಎಂದ. ಅವಳು ಸ್ವರ ಇಳಿಸಿದಳು. ಜಗಲಿಯ ಕೈಗಳೆಲ್ಲ ನಿಂತವು. ಅಜ್ಜಿ ಬಗ್ಗಿ ಮುಂದೆ ಬಂದಳು. ಆ ನಿಂತ ಕೈಗಳನ್ನು ನೋಡಿದ್ದೇ ನನಗೆ ತಡೆಯಲಾಗಲಿಲ್ಲ.

“ತಾಯಿ ಹಾಕಿದ್ದು!” ಎಂದು ಕೂಗಿದೆ. “ಹಾಲಿಗೆ ವಿಷ ಹಾಕಿದ್ದು ತಾಯಿ! ಇನ್ನೆಂತ ಓದೂದು? ಮುಗೀತು.”

ಅಜ್ಜಿ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದೆ. ಅವಳು ಮೆಲ್ಲಗೆ ಕೇಳಿದಳು:

“ತಾಯಿ? ಹೆತ್ತವ್ಳು?”

“ಹೌದು. ಬರ್ದಿದೆ.”

ಅಜ್ಜಿ ಎದ್ದು ಪುಸ್ತಕವನ್ನು ವತ್ಸಲಾಳ ಕೈಯಿಂದ ತೆಗೆದುಕೊಂಡು ಮುಚ್ಚಿದಳು. ಹೆತ್ತವಳು ಮಗುವಿಗೆ ವಿಷ ಕೊಡುವ ಕಥೆಗೆ ಈ ಮನೆಯಲ್ಲಿ ಕುಂಕುಮ ಇಟ್ಟೆನಲ್ಲ ಎಂದು ಕೆನ್ನೆ ಬಡಿದುಕೊಂಡಳು. ಫಲ ಇಲ್ಲ, ಕಾಯಿ ಇಲ್ಲ. ಶನಿವಾರ ಅಪ್ಪ ಬಂದಾಗ ಪುಸ್ತಕ ಒಯ್ಯಲಿ, ಇನ್ನು ಇಂಥದ್ದು ತರುವುದೇ ಬೇಡ ಎಂದು ಹೇಳಿ ಒಳಗೆ ಹೋದಳು. ಹೆಂಗಸರು ಮಡಲು ಸುತ್ತಿಕೊಂಡು ಎದ್ದರು. ಹೋಗುವಾಗ ದೇವಮ್ಮ ನನ್ನ ಮುಖಕ್ಕೇ ಹೇಳಿದಳು:

“ಪೊಲೀಸ್ರ ಕೆಲ್ಸ ನೀನೇ ಮಾಡ್ದೆ ಕಾಣ್ತದೆ. ಸಮಾಧಾನ ಆಯ್ತನೇ?”

ಆಗಿತ್ತು. ಸುಳ್ಳು ಹೇಳುವುದಿಲ್ಲ, ಒಂದು ದಿನ ಪೂರ್ತಿ ಸಮಾಧಾನವಾಗಿತ್ತು. ಮಣೆ ಗೋಡೆಗೆ ಒರಗಿತ್ತು, ಅದರ ಮೇಲೆ ನಾನೂ ಇಲ್ಲ, ಅವಳೂ ಇಲ್ಲ. ಎರಡನೇ ದಿನ ಮಧ್ಯಾಹ್ನ ಯಾರೂ ಬರಲಿಲ್ಲ. ಆಯಿ ಕೆಲಸವಿಲ್ಲದೆ ಮಲಗಿದಳು. ಅಜ್ಜಿ ಕಂಬಕ್ಕೆ ಒರಗಿ ಗದ್ದೆ ನೋಡುತ್ತ ಕೂತಳು. ಒಂದು ತಾಸು ಆ ಮನೆಯಲ್ಲಿ ನೊಣದ ಸದ್ದು ಬಿಟ್ಟು ಬೇರೆ ಇರಲಿಲ್ಲ. ಮೂರನೇ ದಿನವೂ ಹಾಗೆಯೇ. ಓದು ನಿಂತರೆ ನಮ್ಮ ಮನೆ ಎಷ್ಟು ಸಣ್ಣದು ಎಂದು ಆಗ ಕಂಡಿತು. ವತ್ಸಲಾ ನನ್ನ ಮೇಲೆ ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಆಗಲಿಲ್ಲ, ಸುಮ್ಮನೆ ನನ್ನ ಜೊತೆ ಪಾತ್ರೆ ತೊಳೆದಳು.

ಶನಿವಾರ ಅಪ್ಪ ಬಂದ. ಪುಸ್ತಕ ಚೀಲಕ್ಕೆ ಹೋಗುವ ಮುಂಚೆ, ಭಾನುವಾರ ಊಟದ ಹೊತ್ತಿಗೆ, ವತ್ಸಲಾ ಅಜ್ಜಿಯ ಮುಂದೆ ಬಂದು ನಿಂತಳು.

“ಅಜ್ಜಿ, ಅರ್ಧಕ್ಕೇ ಬಿಟ್ರೆ ಆ ಹುಡ್ಗಿ ಹಾಲು ಕುಡ್ದು ಹಾಂಗೇ ನೆಲಕ್ಕೆ ಬಿದ್ದಿರ್ತದಲ್ಲ. ಯಾರೂ ಎತ್ತೂದಿಲ್ಲ. ನಾಲ್ಕೇ ಪುಟ, ಓದಿ ಮುಗಿಸ್ತೆ.”

ಅಜ್ಜಿ ಬಹಳ ಹೊತ್ತು ಅನ್ನದಲ್ಲಿ ಬೆರಳಾಡಿಸಿದಳು. ಆಮೇಲೆ ದೇವಮ್ಮನನ್ನು ಕರೆಯಲು ನನ್ನನ್ನೇ ಕಳಿಸಿದಳು.

ವತ್ಸಲಾ ಓದಿದಳು. ತಮ್ಮ ಎದ್ದು ನಿಂತ, ‘ತಾಯಿಯೇ ಹಾಲಿಗೆ ಅದನ್ನು ಬೆರೆಸಿದಳು’ ಎಂದ. ಅಲ್ಲಿಗೆ ಬಂದದ್ದೇ ಅವಳು ಪುಸ್ತಕ ಕೆಳಗಿಟ್ಟು ಹೊಟ್ಟೆ ಹಿಡಿದು ನಗತೊಡಗಿದಳು.

“ಅಯ್ಯೋ ದೇವಾ! ತಾಯಿ ಅಂದ್ರೆ ಆಯಿ ಅಲ್ಲ ಗೋ! ಅಕ್ಕ! ಮೂರ್ನೇ ಅಧ್ಯಾಯದಾಗೇ ಬರ್ದಿದೆ, ಅಕ್ಕನ್ನ ಮನೇಲಿ ಎಲ್ರೂ ತಾಯಿ ಅಂತಿದ್ರು ಅಂತ. ನಾ ಗಿರಿಜಾನ್ನ ಕರೀತ್ನಲ್ಲ, ಹಾಂಗೆ!”

ಆ ಮೂರನೇ ಅಧ್ಯಾಯದ ದಿನ ನಾನು ಬಾವಿಕಟ್ಟೆಯಲ್ಲಿದ್ದೆ. ದಿನಕ್ಕೆ ಹತ್ತು ಸಲ ಅದೇ ಹೆಸರಿಗೆ ಓಗೊಡುತ್ತಿದ್ದವಳಿಗೆ ಬಚ್ಚಲಿನ ಹೊಗೆಯಲ್ಲಿ ಅದು ಹೊಳೆಯಲಿಲ್ಲ. ಓದಿದ್ದ ವತ್ಸಲಾಳಿಗೂ, ಕೇಳಿದ್ದ ಹೆಂಗಸರಿಗೂ, ನನ್ನ ಅರಚಾಟದ ಗಾಬರಿಯಲ್ಲಿ, ನೆನಪಾಗಿರಲಿಲ್ಲ. ಅಜ್ಜಿಯ ಮುಖ ಗಂಟು ಬಿಚ್ಚಿದ ಹಾಗೆ ಸಡಿಲಾಯಿತು. ಹೆತ್ತವಳಲ್ಲವಲ್ಲ, ದೇವರು ದೊಡ್ಡವನು ಎಂದಳು. ದೇವಮ್ಮ ನಗುತ್ತ ನನ್ನ ಬೆನ್ನಿಗೊಂದು ಗುದ್ದಿದಳು. ವತ್ಸಲಾ ಕಣ್ಣೊರೆಸಿಕೊಂಡು ಮುಂದೆ ಓದಿದಳು: ಅಕ್ಕ ಯಾಕೆ ಕೊಂದಳು ಎಂಬುದು. ಮನೆಗೆ ಬಂದವರೆಲ್ಲ ತಂಗಿಯನ್ನೇ ಕರೆದು ಮಾತಾಡಿಸುತ್ತಿದ್ದರು. ಕಾರಣ ಅಷ್ಟೇ. ಹಾಲಿನ ಲೋಟ ಒಯ್ಯುವಾಗಲೂ ತಾನು ನಗುತ್ತಿದ್ದೆ ಎಂದು ಆ ಅಕ್ಕ ಹೇಳಿಕೆ ಕೊಡುತ್ತಾಳೆ.

“ಅಷ್ಟಕ್ಕೇ ಕೊಂದ್ಲಾ?” ಅಂದಳು ದೇವಮ್ಮ. “ಸುಳ್ ಕಥೆ. ಯಾರ್ ಕೊಲ್ತಾರೆ ಅಷ್ಟಕ್ಕೆ?”

ಜಗಲಿಯಲ್ಲಿ ಎಲ್ಲರೂ ಹೌದೆಂದರು. ಅದು ಸುಳ್ಳಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ನಾನು ಯಾರಿಗೂ ಏನೂ ಬೆರೆಸುವವಳಲ್ಲ. ಆದರೆ ಆ ಲೋಟ ಹಿಡಿದ ಕೈ ಒಳಗಿನಿಂದ ಹೇಗಿರುತ್ತದೆ ಎಂದು ಬರೆದವರಿಗೂ ನನಗೂ ಮಾತ್ರ ಗೊತ್ತಿತ್ತು. ನಾನು ಇವತ್ತಿಗೂ ಪುಸ್ತಕವನ್ನು ತೂಗುವುದು ಇದರಿಂದಲೇ. ಎಷ್ಟು ಹೆಣ, ಎಷ್ಟು ತಿರುವು ಎಂದಲ್ಲ. ಕೊಂದವಳ ಕೈ ನನ್ನ ಕೈಯ ಹಾಗೆ ಕಂಡಿತೋ ಇಲ್ಲವೋ.

ಫಲ ಹೇಳುವ ಹೊತ್ತಾಯಿತು. ಅಜ್ಜಿ ವತ್ಸಲಾಳನ್ನು ತಡೆದಳು.

“ಓದು ಮುರ್ದದ್ದು ಗಿರಿಜಾ. ಫಲ ಅವ್ಳೇ ಹೇಳ್ಲಿ. ಬಾ, ಮಣೆ ಮೇಲೆ ಕೂಡು.”

ಎಷ್ಟು ದಿನಗಳಿಂದ ಬಯಸಿದ್ದ ಮಣೆ, ಶಿಕ್ಷೆಯಾಗಿ ಬಂತು. ಕೂತೆ. ಹಲಗೆ ವತ್ಸಲಾಳ ಮೈಯಿಂದ ಬಿಸಿಯಾಗಿತ್ತು. ಆಯುಷ್ಯ ಆರೋಗ್ಯ ಎಂದು ಶುರುಮಾಡಿ ಅರ್ಧಕ್ಕೇ ಬಿಟ್ಟೆ. ಕಡೆಗೆ ಹೇಳಿದೆ:

“ಕೇಳಿದವರಿಗೆ ಕಡೇ ಪುಟ ಮೊದ್ಲೇ ತೆಗೆಯೋ ಬುದ್ಧಿ ಬಾರದಿರಲಿ.”

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಮಂಜು ಕಣ್ಣಿಗೆ ನಾನು ಎಷ್ಟು ಕಂಡೆನೋ, ಅಷ್ಟನ್ನೇ ದಿಟ್ಟಿಸಿ ನೋಡುತ್ತ ಅಂದಳು:

“ಹಾಲು ಕುಡಿಯೋಳಿಗೂ ಒಳ್ಳೇದಾಗ್ಲಿ, ತಂದುಕೊಡೋಳಿಗೂ ಒಳ್ಳೇದಾಗ್ಲಿ ಅನ್ನು.”

ಅಂದೆ. ತೆಂಗಿನಕಾಯಿಯ ಕಡಿಯನ್ನು ಅಜ್ಜಿ ನಮ್ಮಿಬ್ಬರಿಗೂ ಒಡೆದು ಕೊಟ್ಟಳು.

ಅಂದು ಸಂಜೆ ತುಳಸಿಕಟ್ಟೆಗೆ ದೀಪ ಇಟ್ಟ ಮೇಲೆ ಎಂದಿನಂತೆ ಲೋಟ ತಂದೆ. ವತ್ಸಲಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಇಣುಕಿ ನೋಡಿ, ಹುಬ್ಬು ಏರಿಸಿ, ಓದುವ ಸ್ವರದಲ್ಲಿ ಕೇಳಿದಳು:

“ತಾಯೀ… ಎಂತ ಹಾಕಿದ್ದಿ ಇದ್ರಾಗೆ?”

ನನಗೆ ಅಳು ಬಂತೋ ಸಿಟ್ಟು ಬಂತೋ ಹೇಳಲಾರೆ. ಉತ್ತರಕ್ಕೆ ಕಾಯದೆ ಅವಳು ಒಂದೇ ಉಸಿರಿಗೆ ಕುಡಿದು, ಮೇಲ್ದುಟಿಯ ನೊರೆ ಒರೆಸಿಕೊಂಡು ನಕ್ಕಳು. ನನ್ನನ್ನು ಇಷ್ಟು ಸುಲಭವಾಗಿ ನಂಬುವುದರಲ್ಲೂ ಅವಳೇ ನನಗಿಂತ ಮುಂದೆ. ಅದಕ್ಕೂ ಹೊಟ್ಟೆಕಿಚ್ಚಾಯಿತು.

ಮಳೆ ಹಿಡಿಯುವ ಮುಂಚೆ ಅತ್ತೆಗೆ ಗುಣವಾಯಿತು. ನನ್ನ ಪ್ರಾರ್ಥನೆ ಯಾವ ಮನಸ್ಸಿನದೆಂದು ಗೊತ್ತಿದ್ದೂ ದೇವರು ನಡೆಸಿಕೊಟ್ಟ. ಇದನ್ನೂ ನಾನು ಅವನ ಉಪಕಾರಗಳಲ್ಲಿ ಸೇರಿಸಿದ್ದೇನೆ. ವತ್ಸಲಾ ಪೆಟ್ಟಿಗೆ ಹಿಡಿದು ಕಾರವಾರದ ಬಸ್ಸು ಹತ್ತಿದಳು. ಮುಂದಿನ ಶನಿವಾರ ಅಪ್ಪ ಹೊಸ ಪುಸ್ತಕ ತಂದ. ಸೋಮವಾರ ಮಧ್ಯಾಹ್ನ ಯಾರೂ ಹೇಳುವ ಮೊದಲೇ ಕಾಲು ತೊಳೆದು ಬಂದು ಮಣೆಯ ಮೇಲೆ ಕೂತೆ. ಅಜ್ಜಿ ಕುಂಕುಮ ಇಟ್ಟಳು. ನಾನು ಬೆರಳಿಡದೆ ಓದಿದೆ. ಪೊಲೀಸಿನವನನ್ನು ಗದರಿಸಿದೆ, ಮುದುಕನನ್ನು ಕೆಮ್ಮಿಸಿದೆ, ಬಾಗಿಲನ್ನು ಕಿರುಗುಟ್ಟಿಸಿದೆ. ವತ್ಸಲಾ ಸ್ವರ ಇಳಿಸುತ್ತಿದ್ದಂಥ ಜಾಗ ಬಂದಾಗ ಇಳಿಸಿದೆ. ಜಗಲಿಯಲ್ಲಿ ಮಡಲಿನ ಓಲೆಗಳು ಸರಸರ ಸದ್ದು ಮಾಡುತ್ತಲೇ ಇದ್ದವು. ಮರುದಿನ ದೇವಮ್ಮ ಬರಲಿಲ್ಲ, ಅವಳಿಗೆ ಗದ್ದೆ ಕೆಲಸವಿತ್ತಂತೆ. ಮೂರನೇ ದಿನ ಅಜ್ಜಿ, ಆಯಿ, ನಾನು ಮೂವರೇ. ಅರ್ಧ ಅಧ್ಯಾಯ ಆಗಿರಬೇಕು. ಅಜ್ಜಿ ಕೈಚಾಚಿ ನನ್ನ ಮೊಣಕಾಲು ಮುಟ್ಟಿದಳು. ಅಷ್ಟು ಮೃದುವಾಗಿ ಅವಳು ನನ್ನನ್ನು ಮುಟ್ಟಿದ್ದು ನನಗೆ ನೆನಪಿಲ್ಲ.

“ಸಾಕು ಮಗಾ. ನಿನ್ ಗಂಟ್ಲು ನೋಯ್ತದೆ.”

ನನ್ನ ಗಂಟಲು ನೋಯುತ್ತಿರಲಿಲ್ಲ.

“ಹೌದಜ್ಜಿ,” ಎಂದೆ. “ನೋಯ್ತದೆ.”